ಪ್ರಶಸ್ತಿ ಬಂದ ಅಧ್ಯಾಯ

ನನ್ನನ್ನು ವೇದಿಕೆಗೆ ಕರೆಯುವಾಗ ನಿರೂಪಕರು ಈಗಲೂ ‘ಮಕ್ಕಳ ಸಾಹಿತಿ’ ಎನ್ನುತ್ತಾರೆ. ಎಷ್ಟು ಸಲ ತಿದ್ದಿ ಹೇಳಿದರೂ ಅಷ್ಟೇ. ಪುಟಾಣಿಗಳ ಕುಣಿತ ಮುಗಿದ ಮೇಲೆ, ಮುಖ್ಯ ಅತಿಥಿಗಳ ಭಾಷಣ ಶುರುವಾಗುವ ಮೊದಲು, ಮೈಕು ಸರಿಮಾಡುವ ಹತ್ತು ನಿಮಿಷ ನನ್ನ ಪಾಲಿಗೆ. ನಾನು ಮೊಲ ನರಿಗಳ ಕಥೆ ಬರೆದವಳಲ್ಲ. ಹದಿಮೂರರಿಂದ ಹದಿನೇಳರ ನಡುವಿನವರಿಗೆ ಬರೆಯುತ್ತೇನೆ. ಆ ವಯಸ್ಸಿನವರಿಗೆ ನಮ್ಮ ಗ್ರಂಥಾಲಯಗಳಲ್ಲಿ ಒಂದು ಕಪಾಟಿಲ್ಲ, ಅಂಗಡಿಗಳಲ್ಲಿ ಒಂದು ಸಾಲಿಲ್ಲ. ಮನೆಯಲ್ಲೂ ಅವರಿಗೆ ಜಾಗವಿಲ್ಲ ಅನ್ನಿ. ಕೆಲಸ ಹೇಳುವಾಗ ಅವರು ದೊಡ್ಡವರು, ಬಾಯಿ ತೆರೆದರೆ ಸಣ್ಣವರು.

ಮೊದಲು ಬರೆದ ಎರಡು ಹಸ್ತಪ್ರತಿಗಳು ಹೋದಷ್ಟೇ ವೇಗದಲ್ಲಿ ವಾಪಸ್ಸು ಬಂದವು. ಒಬ್ಬ ಸಂಪಾದಕರು, ಇದು ಮಕ್ಕಳಿಗೆ ಹೆಚ್ಚಾಯಿತು, ದೊಡ್ಡವರಿಗೆ ಕಡಿಮೆಯಾಯಿತು ಎಂದು ಕಾರ್ಡು ಬರೆದಿದ್ದರು. ಇನ್ನೊಬ್ಬರು ಪಾತ್ರಗಳ ಮಾತನ್ನೆಲ್ಲ ಶುದ್ಧ ಮಾಡಿಕೊಡಿ ಎಂದರು. ನಮ್ಮ ಹುಡುಗಿ ‘ಬರಾಕತ್ತೇನಿ’ ಅಂದರೆ ಅಶುದ್ಧವಂತೆ, ಅವರ ಹುಡುಗಿ ‘ಬರ್ತಾ ಇದೀನಿ’ ಅಂದರೆ ಶುದ್ಧವಂತೆ! ಆ ಪತ್ರವನ್ನು ನಾಲ್ಕು ಚೂರು ಮಾಡಿ ಒಲೆಗೆ ಹಾಕಿದೆ.

ಬರವಣಿಗೆ ಹೇಗೆ ಬಂತು ಎಂದು ಕೇಳುವವರು ಇನ್ನೊಂದು ಬಗೆ. ಅಜ್ಜಿ ಕಥೆ ಹೇಳುತ್ತಿದ್ದರೇ ಎಂದು ಆಸೆಯಿಂದ ನೋಡುತ್ತಾರೆ. ಬ್ಯಾಡಗಿಯಲ್ಲಿ ನಮ್ಮಜ್ಜಿ, ನಮ್ಮವ್ವ ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೆಳಗಿನಿಂದ ಸಂಜೆಯವರೆಗೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಸಂಜೆಗೆ ಅವರ ಗಂಟಲಲ್ಲಿ ಕೆಮ್ಮು ಬಿಟ್ಟರೆ ಬೇರೇನೂ ಉಳಿಯುತ್ತಿರಲಿಲ್ಲ. ಉರಿಯುವ ಕೈಗೆ ಎಣ್ಣೆ ಹಚ್ಚಿಕೊಂಡು ಮಲಗುವವರು ಯಾವ ಕಥೆ ಹೇಳುತ್ತಾರೆ? ಎಂಟನೇ ಇಯತ್ತೆಯವರೆಗೆ ರಜೆ ಬಂದರೆ ನಾನೂ ಆ ರಾಶಿಯ ಮುಂದೆ ಕುಂತಿದ್ದೇನೆ. ನನಗೆ ಬರವಣಿಗೆ ಬಂದದ್ದು ಸಿಟ್ಟಿನಿಂದ.

ಆ ಸಿಟ್ಟು ಪುಸ್ತಕವಾದದ್ದು ಎರಡು ಸಾವಿರದ ಇಸವಿಯ ಈಚೆಗೆ. ಆಗ ನಾನು ರಾಣೆಬೆನ್ನೂರಿನಲ್ಲಿ ಮನೆ ಮಾಡಿಕೊಂಡು, ಕುಪ್ಪೇಲೂರಿನ ಕಡೆ ಹೋಗುವ ಬಸ್ಸು ಹಿಡಿದು, ನಡುವೆ ಒಂದು ಹಳ್ಳಿಯಲ್ಲಿ ಇಳಿದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಆ ಹಳ್ಳಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಪುಸ್ತಕದಲ್ಲೂ ಬರೆದಿರಲಿಲ್ಲ. ಹೆಸರು ಬರೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ನಂಬಿದ್ದ ಮೂರ್ಖಳು ನಾನು.

ಅಲ್ಲಿ ಹತ್ತಿ ಬೀಜದ ಪ್ಲಾಟುಗಳಿದ್ದವು. ಕಂಪನಿಯವರು ಎರಡು ತಳಿಯ ಬೀಜ ಕೊಟ್ಟು ಬಿತ್ತಿಸುತ್ತಾರೆ. ಸಂಜೆ ಹೆಣ್ಣು ಸಾಲಿನ ಮೊಗ್ಗು ಬಿಡಿಸಿ, ಒಳಗಿನ ಕೇಸರ ತೆಗೆದು, ಗುರುತಿಗೆ ಕೆಂಪು ಕಾಗದ ಸಿಕ್ಕಿಸಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವು ತಂದು ಅದಕ್ಕೆ ತೀಡಿ, ತೀಡಿದ್ದರ ಗುರುತಿಗೆ ದಾರ ಕಟ್ಟಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಸಣ್ಣ ಬೆರಳು ಬೇಕು, ಗಿಡದ ಎತ್ತರಕ್ಕೆ ಸರಿಹೋಗುವ ಮೈ ಬೇಕು. ಅಂದರೆ ನಮ್ಮ ಎಂಟನೇ, ಒಂಬತ್ತನೇ ಇಯತ್ತೆಯ ಹುಡುಗಿಯರು ಬೇಕು. ಆ ಎರಡು ಮೂರು ತಿಂಗಳು ನನ್ನ ತರಗತಿಯಲ್ಲಿ ಹುಡುಗಿಯರ ಕಡೆಯ ಬೆಂಚುಗಳು ಖಾಲಿ. ಉಳಿದ ಮಾಸ್ತರರ ತರಗತಿಗಳಲ್ಲೂ ಖಾಲಿ, ಅವರ ಹಾಜರಿ ಪುಸ್ತಕ ಮಾತ್ರ ಭರ್ತಿ.

“ಎಲ್ಲಾರೂ ಹಾಜರ್ ಅಂತ ಹಾಕಿಬಿಡ್ರಿ ಅಕ್ಕೋರ, ಸುಮ್ನ ಯಾಕ ತ್ರಾಸ ತಗೋತೀರಿ,” ಎಂದು ಹೆಡ್ ಮಾಸ್ತರರು ನಗುತ್ತಿದ್ದರು. ನಾನು ಹಾಕಲಿಲ್ಲ. ಸುಳ್ಳು ಹಾಜರಿ ಹಾಕುವುದಿಲ್ಲ ಎಂದು ಹಟ ಹಿಡಿದವಳು ಇಡೀ ಶಾಲೆಯಲ್ಲಿ ನಾನೊಬ್ಬಳೇ. ಅದರ ಜಂಬವೂ ನನಗೆ ಚೆನ್ನಾಗಿಯೇ ಇತ್ತು.

ಶನಿವಾರ ಬೆಳಗಿನ ಶಾಲೆ. ಬಿಟ್ಟ ಮೇಲೆ ಹುಡುಗಿಯರನ್ನು ಕೂರಿಸಿಕೊಂಡು ನಾನು ಬರೆಯುತ್ತಿದ್ದ ಕಾದಂಬರಿ ಓದುತ್ತಿದ್ದೆ. ಅವರಂಥ ವಿಮರ್ಶಕರು ನನಗೆ ಮತ್ತೆ ಸಿಕ್ಕಿಲ್ಲ. ಕ್ರಾಸಿಂಗ್ ಮಾಡುವ ಹುಡುಗಿ ಹಾಡು ಹೇಳುತ್ತಾಳೆ ಎಂದು ಬರೆದಿದ್ದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. “ಹಾಡು ಹೇಳಿದ್ರ ದಾರ ಯಾರ ಕಟ್ಟಬೇಕ್ರಿ? ಬಾಯಾಗ ದಾರ ಹಿಡ್ಕೊಂಡಿರ್ತೇವಲ್ರಿ,” ಎಂದಳು ಒಬ್ಬಳು. ಹಾಡು ಹೊಡೆದುಹಾಕಿದೆ, ಬಾಯಲ್ಲಿ ದಾರ ಬರೆದೆ.

ಹಾಗೆ ಹೇಳಿದವಳೇ ಈ ಕಥೆಯ ಹುಡುಗಿ. ಆಗ ಒಂಬತ್ತನೇ ಇಯತ್ತೆ. ಅಪ್ಪ ಬೇರೆ ಸಂಸಾರ ಮಾಡಿಕೊಂಡ ಮೇಲೆ ಅವಳೂ ಅವಳವ್ವನೂ ಸೋದರಮಾವನ ಮನೆಯಲ್ಲಿದ್ದರು. ಆ ಮಾವ ನೀರಾವರಿ ಇದ್ದ ರೈತ, ಬೀಜದ ಪ್ಲಾಟು ಮಾಡುವವನು. ಒಳ್ಳೆಯ ಮನುಷ್ಯ, ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು. ಬೆಳಿಗ್ಗೆ ನಿನ್ನ ಪಾಲಿನ ಸಾಲು ಮುಗಿಸು, ಆಮೇಲೆ ಶಾಲೆಗೆ ಹೋಗು, ಎಷ್ಟು ಕಲಿಯುತ್ತೀಯೋ ಕಲಿ ಎಂದಿದ್ದ.

ಒಂದು ಶನಿವಾರ ಉಳಿದವರು ಹೋದ ಮೇಲೆ ಅವಳು ನನ್ನ ಜೊತೆ ಬಸ್ಸಿನವರೆಗೆ ನಡೆದು ಬಂದಳು. ಯಾರಿಗೂ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡು ಹೇಳಿದಳು. ಹಿಂದಿನ ವರ್ಷ ಒಂದು ವಾರ ಮೋಡ ಮುಚ್ಚಿಕೊಂಡಿತ್ತು. ಮೋಡದ ದಿನ ಗಂಡು ಹೂವು ಬೇಗ ಅರಳುವುದಿಲ್ಲ. ಕಾಯುತ್ತ ಕುಂತರೆ ಶಾಲೆ ತಪ್ಪುತ್ತಿತ್ತು, ಕೈಯಲ್ಲಿದ್ದ ದಾರ ಉಳಿದರೆ ಮಾವ ಕೇಳುತ್ತಿದ್ದ. ಹಿಂದಿನ ಸಂಜೆ ಬಿಡಿಸದೆ ಉಳಿದು, ತಾವಾಗಿಯೇ ಅರಳಲಿರುವ ಮೊಗ್ಗುಗಳು ಹೆಣ್ಣು ಸಾಲಿನಲ್ಲಿ ಇರುತ್ತವೆ. ಅವನ್ನು ಕಿತ್ತು ಬಿಸಾಡಬೇಕು, ಇಲ್ಲದಿದ್ದರೆ ತಮ್ಮದೇ ಪುಡಿಯಿಂದ ಕಾಯಿ ಕಟ್ಟಿ ಬೀಜ ಬೆರಕೆಯಾಗುತ್ತದೆ. ಅವಳು ಕಿತ್ತು ಬಿಸಾಡಲಿಲ್ಲ. ಅವಕ್ಕೇ ದಾರ ಕಟ್ಟಿ ಶಾಲೆಗೆ ಓಡಿ ಬಂದಳು. ಒಂದು ದಿನವಲ್ಲ, ಆ ವಾರವೆಲ್ಲ.

ಕಂಪನಿಯವರು ಆ ಬೀಜ ಬಿತ್ತಿ ಪರೀಕ್ಷೆ ಮಾಡಿದಾಗ ಮಾಲು ಫೇಲ್ ಆಯಿತು. ಮಾವ ಸೊಸೆಯ ಮೇಲೆ ಸಂಶಯಪಡಲಿಲ್ಲ. ಬಾಜೂ ಹೊಲದವನು ತೀರಾ ಹತ್ತಿರ ಹತ್ತಿ ಹಾಕಿದ್ದ, ಅಲ್ಲಿಂದ ಜೇನುಹುಳು ಬಂದು ತನ್ನ ಪ್ಲಾಟು ಕೆಡಿಸಿದವು ಎಂದ. ಊರ ಹಿರಿಯರು ಸೇರಿದರು. ಬಾಜೂ ಹೊಲದವನು ತಪ್ಪಾಯಿತು ಎಂದು ಎಲ್ಲರ ಮುಂದೆ ಕೈ ಮುಗಿಯಬೇಕಾಯಿತು. ಹುಡುಗಿ ಬಾಗಿಲ ಮರೆಯಲ್ಲಿ ನಿಂತು ನೋಡಿದ್ದಳು. “ಅವ್ರು ಕೈ ಮುಗಿಯೂಮುಂದ ನನ್ನ ಕಡೀನ ನೋಡಿದಂಗಾತ್ರಿ ಅಕ್ಕೋರ,” ಎಂದಳು.

ನಾನು ಅವಳ ತಲೆ ಸವರಿದೆ. ಬಸ್ಸು ಹತ್ತಿ ಕುಂತೆ. ಬಸ್ಸು ರಾಣೆಬೆನ್ನೂರು ಮುಟ್ಟುವಷ್ಟರಲ್ಲಿ ಆ ಅಧ್ಯಾಯ ನನ್ನ ತಲೆಯಲ್ಲಿ ಮುಗಿದಿತ್ತು. ಆಣೆ ಹಾಕಿದ ನಾಲಿಗೆ ಇನ್ನೂ ಒಣಗಿರಲಿಲ್ಲ! ಹೆಸರು ಬದಲಿಸಿದೆ, ಮಾವನನ್ನು ದೊಡ್ಡಪ್ಪ ಮಾಡಿದೆ. ಮೋಡ, ದಾರ, ಜೇನುಹುಳು, ಕೈಮುಗಿದ ನೆರೆಯವ ಎಲ್ಲವನ್ನೂ ಇದ್ದದ್ದು ಇದ್ದಂತೆ ಇಟ್ಟೆ. ಅದು ಸತ್ಯವಾಗಿತ್ತು, ಸುಂದರವಾಗಿತ್ತು, ಬಿಡಲು ಮನಸ್ಸು ಬರಲಿಲ್ಲ.

ಪುಸ್ತಕ ಬಂದಾಗ ಅವಳು ಹತ್ತನೇ ಇಯತ್ತೆ ಒಳ್ಳೆಯ ಅಂಕದಲ್ಲಿ ಪಾಸಾಗಿ ರಾಣೆಬೆನ್ನೂರಿನ ಕಾಲೇಜಿಗೆ ಪಿಯುಸಿಗೆ ಸೇರಿದ್ದಳು. ಆ ಊರಿನಿಂದ ದಿನಾ ಬಸ್ಸು ಹತ್ತಿ ಕಾಲೇಜಿಗೆ ಬರುತ್ತಿದ್ದ ಮೊದಲ ಹುಡುಗಿ. ಟೀಚರ್ ಆಗಬೇಕೆಂಬ ಆಸೆ ಅವಳಿಗೆ. ಅವಳಿಗೊಂದು ಪ್ರತಿ ಕೊಟ್ಟೆ. ಓದಿ, “ಚಲೋ ಬರದೀರಿ,” ಎಂದಷ್ಟೇ ಹೇಳಿದಳು. ಆ ಎರಡೇ ಪದಕ್ಕೆ ನಾನು ಸಮಾಧಾನಪಟ್ಟುಕೊಂಡೆ, ಅವಳ ಮುಖ ನೋಡಲಿಲ್ಲ.

ಅದೇ ವರ್ಷ ಹಾವೇರಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕುಂತಿದ್ದಾಗ ಫೋನು ಬಂತು. ಹದಿಹರೆಯದವರ ಸಾಹಿತ್ಯಕ್ಕೆ ಕೊಡುವ ಒಂದು ಪ್ರಶಸ್ತಿ, ನನ್ನ ಕಾದಂಬರಿಗೆ. ಅದುವರೆಗೆ ನನ್ನನ್ನು ಕಣ್ಣೆತ್ತಿ ನೋಡದ ಸಂಪಾದಕರೆಲ್ಲ ಅಭಿನಂದನೆ ಹೇಳಿದರು. ಭಾಷೆ ಶುದ್ಧ ಮಾಡಿ ಎಂದಿದ್ದವರು ‘ಮಣ್ಣಿನ ನುಡಿ’ ಎಂದು ಲೇಖನ ಬರೆದರು. ತೀರ್ಪುಗಾರರು ದಾರ ಕಟ್ಟುವ ಅಧ್ಯಾಯವನ್ನೇ ಎತ್ತಿ ಹೇಳಿದರು. ಪ್ರಶಸ್ತಿ ಬಂದದ್ದು ಅದೊಂದಕ್ಕೇ ಎಂದರೂ ತಪ್ಪಿಲ್ಲ.

ಇನ್ನು ನಮ್ಮ ಕಡೆಯ ಸನ್ಮಾನದ ಚಟ. ಶಾಲೆ ಇದ್ದ ಊರಿನವರು ನನ್ನನ್ನು ಬಿಟ್ಟಾರೆಯೇ? ಶಾಲೆಯ ಅಂಗಳದಲ್ಲಿ ಪೆಂಡಾಲು ಹಾಕಿದರು. ವೇದಿಕೆ ಏರಿದ ಯಾರೂ ಶಾಲಿಲ್ಲದೆ ಇಳಿಯಬಾರದು ಎಂಬುದು ನಮ್ಮಲ್ಲಿ ಯಾರೂ ಬರೆಯದ ಕಾಯಿದೆ. ಅಡುಗೆಯವರಿಗೂ ಶಾಲು, ಮೈಕಿನವನಿಗೂ ಶಾಲು. ಎರಡು ದಿನ ಮೊದಲು ಹೆಡ್ ಮಾಸ್ತರರು ಕೇಳಿದರು: “ಅಕ್ಕೋರ, ಆ ಪುಸ್ತಕದಾಗಿನ ಹುಡಿಗಿ ನಮ್ಮ ಸಾಲಿಯಾಕೀನ ಏನ್ರಿ? ಆಕಿಗೂ ಒಂದು ಶಾಲು ಹಾಕಿಬಿಡೂಣು.”

ಇಲ್ಲ, ಅದೆಲ್ಲ ಕಲ್ಪನೆ ಎಂದರೆ ಮುಗಿಯುತ್ತಿತ್ತು. ಒಂದು ಮಾತು ಸಾಕಿತ್ತು. ನನಗೆ ಹೆಮ್ಮೆ ತಡೆಯಲಾಗಲಿಲ್ಲ. ಹೌದು, ನಮ್ಮವಳೇ ಎಂದೆ. ಹೆಸರು ನನ್ನ ಬಾಯಿಂದಲೇ ಹೋಯಿತು. ಅವಳಿಗೂ ಒಂದು ಗೌರವ ಸಿಗಲಿ ಎಂದು ಹೇಳಿದೆ ಅಂತ ಆಮೇಲೆ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನ್ನ ಕಥೆ ನಿಜವಾದದ್ದು ಎಂದು ಊರಿಗೆ ತೋರಿಸಬೇಕಿತ್ತು.

ಕಾರ್ಯಕ್ರಮದ ದಿನ ಅವಳ ಮಾವ ಮೊದಲ ಸಾಲಿನಲ್ಲಿದ್ದ. ಕುರ್ಚಿಗಳು ಬಂದದ್ದೇ ಅವನ ಟ್ರ್ಯಾಕ್ಟರಿನಲ್ಲಿ. ‘ಕಾದಂಬರಿಯ ನಾಯಕಿ’ ಎಂದು ಮೈಕಿನಲ್ಲಿ ಕರೆದಾಗ ಹುಡುಗಿ ನನ್ನ ಕಡೆ ನೋಡಿದಳು. ಬರಬೇಡ ಎಂದು ನಾನು ಕಣ್ಣಲ್ಲಾದರೂ ಹೇಳಬಹುದಿತ್ತು. ನಕ್ಕು ಕೈಬೀಸಿ ಕರೆದೆ. ಹಸಿರು ಶಾಲು ಹೊದಿಸಿ, ಅವಳನ್ನು ನನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ಹಾವೇರಿಯಿಂದ ಬಂದಿದ್ದ ಉಪನ್ಯಾಸಕರು ಪುಸ್ತಕದ ಶ್ರೇಷ್ಠ ಭಾಗ ಓದುತ್ತೇನೆ ಎಂದು ಎದ್ದು ನಿಂತರು. ಯಾವ ಭಾಗ ಎಂದು ಬೇರೆ ಹೇಳಬೇಕೇ?

ಕಂಠ ಬಹಳ ಚೆನ್ನಾಗಿತ್ತು ಅವರದು. ಮೋಡ ಬಂತು, ದಾರ ಬಂತು, ಜೇನುಹುಳು ಬಂದವು. ನೆರೆಯವನು ಕೈ ಮುಗಿಯುವಲ್ಲಿಗೆ ಬಂದಾಗ ಹಿಂದಿನಿಂದ ಒಬ್ಬ ಎದ್ದು ನಿಂತ. ಬಾಜೂ ಹೊಲದವನು.

“ತಡೀರಿ ಸರ್. ಅದನ್ನ ಇನ್ನೊಮ್ಮೆ ಓದ್ರಿ.”

ಉಪನ್ಯಾಸಕರಿಗೆ ಆನಂದವೋ ಆನಂದ. ರೈತನೊಬ್ಬ ಸಾಹಿತ್ಯವನ್ನು ಮತ್ತೊಮ್ಮೆ ಕೇಳಬಯಸುತ್ತಾನೆ, ಇದಕ್ಕಿಂತ ಬೇರೆ ಪ್ರಶಸ್ತಿ ಬೇಕೇ ಎಂದು ನನ್ನ ಕಡೆ ತಿರುಗಿ ಹೇಳಿ, ಮೊದಲಿನಿಂದ ಮತ್ತೆ ಓದಿದರು. ಇನ್ನೂ ಭಾವ ತುಂಬಿ ಓದಿದರು. ಅವರು ಮುಗಿಸುವಷ್ಟರಲ್ಲಿ ಪೆಂಡಾಲಿನಲ್ಲಿ ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರು. ಮಾವ ಒಬ್ಬನೇ ನೆಲ ನೋಡುತ್ತಿದ್ದ. ಹುಡುಗಿ ಶಾಲು ತೆಗೆದು, ನೀಟಾಗಿ ಮಡಚಿ, ಕುರ್ಚಿಯ ಮೇಲಿಟ್ಟು ಇಳಿದು ಹೋದಳು. ಉಪನ್ಯಾಸಕರು ಚಪ್ಪಾಳೆಗೆ ಕಾಯುತ್ತ ನಿಂತಿದ್ದರು.

ಮರುವಾರದಿಂದ ಅವಳು ಕಾಲೇಜಿಗೆ ಬರಲಿಲ್ಲ. ಗೊತ್ತಾದ ದಿನ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೆಡ್ ಮಾಸ್ತರರಿಗೆ ಮುಖಕ್ಕೆ ಮುಖ ಕೊಟ್ಟು ಬೈದೆ. ಉಪನ್ಯಾಸಕರಿಗೆ ಫೋನು ಮಾಡಿ ಬೈದೆ. ಆಮೇಲೆ ಅವಳ ಮಾವನಿಗೆ ಬುದ್ಧಿ ಕಲಿಸುತ್ತೇನೆ ಎಂದು ಭಾನುವಾರ ಅವರ ಮನೆಗೆ ಹೋದೆ. ಓದುವ ಹುಡುಗಿಯನ್ನು ಮನೆಯಲ್ಲಿ ಕೂರಿಸಲು ನೀನು ಯಾರು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

“ಬರ್ರಿ ಅಕ್ಕೋರ, ಕುಂದ್ರಿ. ಚಾ ಕುಡೀರಿ,” ಎಂದ ಮಾವ. ನಾನು ಕೂರಲಿಲ್ಲ. ನಿಂತೇ ಕೂಗಾಡಿದೆ. ಅವನು ಕೊನೆಯವರೆಗೂ ಕೇಳಿದ.

“ನಾ ಆಕಿನ್ನ ಹೊಡದಿಲ್ರಿ, ಬೈದೂ ಇಲ್ಲ. ಬಾಜೂ ಹೊಲದವನ ಮನಿಗೆ ಹೋಗಿ, ಅವ ಅವತ್ತ ಹೆಂಗ ಕೈ ಮುಗದಿದ್ನೋ ಹಂಗ ಮುಗದು ಬಂದೇನಿ. ಅದು ನನ್ನ ತಪ್ಪು, ಮುಗೀತು. ಆದ್ರ ಆಕಿ ಬಸ್ಸಿಗೆ ನಿಂತ್ರ ಹುಡುಗ್ರು ದಾರ ತೋರ್ಸಿ ನಗಾಕತ್ತಾರ. ‘ಇಷ್ಟ ಕಲ್ತಾಗ ಹಿಂಗ, ಇನ್ನ ಕಲ್ತ್ರ ಹೆಂಗ’ ಅಂತಾರ. ದಿನಾ ಯಾರ ಯಾರ ಬಾಯಿ ಮುಚ್ಚಲ್ರಿ ನಾ?”

“ನಗುವವರಿಗಾಗಿ ಅವಳ ಓದು ಬಿಡಿಸುತ್ತೀರಾ?” ಎಂದೆ.

“ನೀವು ಬರದ್ರಿ, ನಿಮಗ ಶಾಲು ಬಂತು. ಆಕಿ ಹೇಳಿದ್ಲು, ಆಕಿಗೂ ಶಾಲು ಬಂತು. ಇನ್ನ ಸಾಕ್ರಿ ಅಕ್ಕೋರ,” ಎಂದ. ದನಿ ಏರಿಸಲಿಲ್ಲ. ಅವನು ಬೈದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಅವಳವ್ವ ಹುಡುಗಿಗೆ, ಅಕ್ಕೋರನ್ನು ಬಸ್ಸಿಗೆ ಬಿಟ್ಟು ಬಾ ಎಂದಳು. ಇಬ್ಬರೂ ನಡೆದೆವು. ನಾನು ಬಾಯಿ ಮುಚ್ಚಲಿಲ್ಲ. ನಿನ್ನ ಮಾವ ಹೀಗೆ, ಈ ಊರು ಹೀಗೆ, ಆ ಹೆಡ್ ಮಾಸ್ತರ್ ಹೀಗೆ ಎಂದು ಉರಿದೆ. ಅವಳು ಹ್ಞೂಂ ಎನ್ನುತ್ತ ಬಂದಳು. ಬಸ್ಸು ನಿಲ್ಲುವ ಜಾಗದಲ್ಲಿ ನಿಂತು, ಸೆರಗಿನಂತೆ ಹೊದ್ದ ವೇಲನ್ನು ಸರಿಮಾಡಿಕೊಂಡು ಕೇಳಿದಳು:

“ಅಕ್ಕೋರ, ಒಂದು ಕೇಳ್ಲೇನ್ರಿ? ಪುಸ್ತಕದಾಗ ತಡಾ ಆಗಿ ಬಂದವ್ರಿಗೆ ಬಾಗ್ಲಾ ಹಾಕೋರು ಗಣಿತದ ಸರ್ ಅಂತ ಬರದೀರಿ.”

“ಹೌದು.”

“ಗಣಿತದ ಸರ್ ಯಾವತ್ತೂ ಬಾಗ್ಲಾ ಹಾಕಿಲ್ಲಲ್ರಿ. ಹಾಕ್ತಿದ್ದವ್ರು ನೀವ ಅಲ್ರಿ?”

ಮೊದಲ ಪಿರಿಯಡ್ಡು ಕನ್ನಡ, ನನ್ನದು. ಗಂಟೆ ಹೊಡೆದ ಕೂಡಲೇ ನಾನು ಬಾಗಿಲ ಅಗಳಿ ಹಾಕುತ್ತಿದ್ದೆ. ಆಮೇಲೆ ಬಂದವರು ಪಡಸಾಲೆಯಲ್ಲಿ ನಿಲ್ಲಬೇಕು, ಹಾಜರಿ ಪುಸ್ತಕದಲ್ಲಿ ಗೈರುಹಾಜರಿ. ಸುಳ್ಳು ಹಾಜರಿ ಹಾಕದ ಶಿಸ್ತಿನ ಅಕ್ಕೋರು ನಾನು! ಹೊಲದಿಂದ ಓಡಿ ಬಂದವಳ ಕೈಗೆ ಹೂವಿನ ಪುಡಿ ಹತ್ತಿದ್ದು ನನಗೆ ಕಾಣುತ್ತಿತ್ತು. ಕಾದಂಬರಿಯಲ್ಲಿ ಅದನ್ನು ಬಹಳ ಚೆಂದವಾಗಿ ಬರೆದಿದ್ದೇನೆ. ಬಾಗಿಲು ಮಾತ್ರ ತೆರೆದಿರಲಿಲ್ಲ. ಆ ಮೋಡದ ವಾರ ಸೋಮವಾರವೇ ಅವಳನ್ನು ಹೊರಗೆ ನಿಲ್ಲಿಸಿದ್ದೆನಂತೆ. ನನಗೆ ನೆನಪೂ ಇಲ್ಲ. ಮಂಗಳವಾರದಿಂದ ಅವಳು ಸುಳ್ಳು ದಾರ ಕಟ್ಟಲು ಶುರುಮಾಡಿದ್ದು.

ಬರೆಯುವಾಗ ಬಾಗಿಲು ಮುಚ್ಚುವವರೊಬ್ಬರು ಬೇಕಾದರು, ಗಣಿತದ ಮಾಸ್ತರರ ಕೈಗೆ ಅಗಳಿ ಕೊಟ್ಟೆ. ನಿಜವಾದ ಗಣಿತದ ಮಾಸ್ತರರು ತಡವಾಗಿ ಬಂದವರಿಗೆ ಮೊದಲು ನೀರು ಕುಡೀರಿ ಎನ್ನುತ್ತಿದ್ದ ಮನುಷ್ಯ. ಪುಸ್ತಕ ಓದಿದ್ದರು. ಆದರೂ ನನ್ನ ಸನ್ಮಾನಕ್ಕೆ ಬಂದು ಹಾರ ಹಾಕಿ ಹೋಗಿದ್ದರು.

ಈಗಲೇ ತಿರುಗಿ ಹೋಗಿ ನಿನ್ನ ಮಾವನಿಗೆ ಹೇಳುತ್ತೇನೆ, ಮುಂದಿನ ಮುದ್ರಣದಲ್ಲಿ ತಿದ್ದುತ್ತೇನೆ, ಬಾಗಿಲು ಹಾಕಿದವಳು ನಾನೇ ಎಂದು ಎಲ್ಲ ಕಡೆ ಬರೆಯುತ್ತೇನೆ ಎಂದೆ. ಅವಳಿಗೆ ಗಾಬರಿಯಾಯಿತು. ಎರಡೂ ಕೈ ಮುಗಿದಳು.

“ಬ್ಯಾಡ್ರಿ ಅಕ್ಕೋರ. ಹೇಳಬ್ಯಾಡ್ರಿ, ಬರೀನೂ ಬ್ಯಾಡ್ರಿ. ಮತ್ತೊಂದು ಪುಸ್ತಕ ಆಕ್ಕೈತಿ.”

ಬಸ್ಸು ಬಂತು. ಲಗೂ ಹತ್ರಿ, ಸೀಟು ಸಿಗೂದಿಲ್ಲ ಎಂದು ಅವಳೇ ನನ್ನ ಚೀಲ ಎತ್ತಿಕೊಟ್ಟಳು.

ಅವಳು ಮತ್ತೆ ಕಾಲೇಜಿಗೆ ಬರಲಿಲ್ಲ, ಟೀಚರ್ ಆಗಲಿಲ್ಲ. ಎರಡು ವರ್ಷದಲ್ಲಿ ಮೋಟೆಬೆನ್ನೂರಿನ ಕಡೆಗೆ ಮದುವೆ ಮಾಡಿಕೊಟ್ಟರು. ಪುಸ್ತಕಕ್ಕೆ ಮುದ್ರಣದ ಮೇಲೆ ಮುದ್ರಣ. ಪ್ರಶಸ್ತಿ ಬಂದ ಪಠ್ಯ, ಒಂದಕ್ಷರವೂ ಬದಲಾಗಬಾರದು ಎಂದು ಪ್ರಕಾಶಕರು ಖಡಾಖಂಡಿತವಾಗಿ ಹೇಳಿದ್ದಾರೆ, ನಾನು ಒಪ್ಪಿದ್ದೇನೆ. ಇಷ್ಟು ವರ್ಷ ಎಲ್ಲರ ಮೇಲೂ ಸಿಟ್ಟಾಗಿ ದಿನ ಕಳೆದೆ. ಇವತ್ತು ತಡೆಯಲಾಗದೆ ಇದನ್ನೆಲ್ಲ ಬರೆದೆ, ಬರೆಯಬೇಡಿ ಎಂದು ಅವಳು ಕೈ ಮುಗಿದದ್ದನ್ನೂ ಬಿಡದೆ.